ಘಾಟಿಯಲ್ಲಿ ಕಾರುಗಳ ಸಾಲು: ಚಾರ್ಮಾಡಿಯನ್ನು ಸುರಕ್ಷಿತವಾಗಿ, ಸೌಜನ್ಯದಿಂದ ಇಳಿಯುವ ಬಗೆ

ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವ ದಾರಿಯೆಂದರೆ ಕಾರು ಪ್ರಿಯರ ಕೂಟಗಳಿಗೆ ಬಲು ಇಷ್ಟ. ರಾಷ್ಟ್ರೀಯ ಹೆದ್ದಾರಿ 73ರ ಈ ಭಾಗ ಕಣ್ಣಿಗೆ ಎಷ್ಟು ಚೆಂದವೋ ಊರಿನವರ ಬದುಕಿಗೆ ಅಷ್ಟೇ ಅಗತ್ಯವಾದದ್ದು. ಧರ್ಮಸ್ಥಳದ ಬಸ್ಸುಗಳು, ಕರಾವಳಿಯಿಂದ ಮೀನು ತರುವ ವಾಹನಗಳು, ಕಾಫಿ ತೋಟದ ಕೆಲಸದವರನ್ನು ಕರೆದೊಯ್ಯುವ ಜೀಪುಗಳು, ಮಲೆನಾಡಿನ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುವ ಆಂಬುಲೆನ್ಸುಗಳು, ಎಲ್ಲವೂ ಇದೇ ತಿರುವುಗಳನ್ನು ಹಾಯಬೇಕು. ನಾವು ಅಲ್ಲಿಗೆ ಸಂತೋಷಕ್ಕಾಗಿ ಹೋಗುತ್ತೇವೆ, ಅವರು ಬೇರೆ ದಾರಿಯಿಲ್ಲದೆ ಹೋಗುತ್ತಾರೆ. ಹಾಗಾಗಿ ನಮ್ಮ ಕೂಟದಿಂದ ಅವರಲ್ಲಿ ಒಬ್ಬರಿಗೂ ತಡವಾಗಬಾರದು, ಭಯವಾಗಬಾರದು ಎಂಬುದನ್ನೇ ಮೊದಲ ನಿಯಮವಾಗಿ ಇಟ್ಟುಕೊಂಡು, ಉಳಿದ ಎಲ್ಲ ಏರ್ಪಾಟುಗಳನ್ನು ಅದರಿಂದಲೇ ರೂಪಿಸಿಕೊಳ್ಳಬೇಕು.

ಹೊರಡುವ ಮೊದಲು

ದಿನವನ್ನು ಆರಿಸುವುದೇ ಮೊದಲ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಹಸಿರಾಗಿ, ಜಲಪಾತಗಳು ತುಂಬಿ ಹರಿದರೂ ಗುಂಪಿನ ಪ್ರಯಾಣಕ್ಕೆ ಅದು ಸರಿಯಾದ ಕಾಲವಲ್ಲ. 2019ರ ಆಗಸ್ಟ್‌ನಲ್ಲಿ ಇಲ್ಲಿ ಹಲವು ಕಡೆ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿತ್ತು. ಮಳೆ ಜೋರಾದಾಗ ಜಿಲ್ಲಾಡಳಿತ ವಾಹನ ಸಂಚಾರವನ್ನು ನಿರ್ಬಂಧಿಸುವುದೂ ಉಂಟು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ದಿನಗಳು ಮೇಲು. ಆದರೆ ಅದರಲ್ಲಿಯೂ ಮಹಾಶಿವರಾತ್ರಿಯ ಹಿಂದಿನ ವಾರವನ್ನು ಬಿಟ್ಟುಬಿಡಬೇಕು. ಆಗ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಭಕ್ತರು ಹಗಲೂ ಇರುಳೂ ಇದೇ ರಸ್ತೆಯ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ದಣಿದ ಕಾಲುಗಳ ಪಕ್ಕದಲ್ಲಿ ಹತ್ತಾರು ಕಾರುಗಳನ್ನು ಸಾಲಾಗಿ ನುಗ್ಗಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ವಾಹನದ ತಪಾಸಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಕಾಗುವುದು ಬ್ರೇಕಿಗೆ. ಪ್ಯಾಡ್ ಸವೆದಿದೆಯೇ ಎಂದು ಎಲ್ಲರೂ ನೋಡುತ್ತಾರೆ, ಬ್ರೇಕ್ ಆಯಿಲ್ ಎಷ್ಟು ಹಳೆಯದು ಎಂದು ಕೇಳುವವರು ಕಡಿಮೆ. ಅದು ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದೆ ಇರಬಲ್ಲದು, ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಉದ್ದದ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದಾಗ ಆ ಶಾಖ ಸುಲಭವಾಗಿ ಹುಟ್ಟುತ್ತದೆ. ಆಯಿಲ್ ಕುದಿದು ಕೊಳವೆಯಲ್ಲಿ ಗುಳ್ಳೆಗಳಾದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕಿಂತ ಹಳೆಯ ಆಯಿಲ್ ಇದ್ದರೆ ಬದಲಾಯಿಸಿಯೇ ಹೊರಡಿ. ಟೈರಿನ ಗಾಳಿಯನ್ನು ಚಕ್ರ ತಣ್ಣಗಿರುವಾಗ ನೋಡಿಸಬೇಕು. ಟೈರಿನ ಅಚ್ಚು 1.6 ಮಿಲಿಮೀಟರಿಗೆ ಸವೆಯುವವರೆಗೂ ಓಡಿಸಲು ಕಾನೂನು ಬಿಡುತ್ತದಾದರೂ, ಇಬ್ಬನಿ ಬಿದ್ದ ಘಾಟಿ ರಸ್ತೆಗೆ ಅಷ್ಟು ಸವೆದ ಟೈರು ಸಾಲದು.

ವಿದ್ಯುತ್ ಕಾರು ತರುವವರಿಗೆ ಒಂದು ಮಾತು. ಇಳಿಜಾರಿನಲ್ಲಿ ಆ ಕಾರುಗಳ ಮೋಟಾರು ವೇಗವನ್ನು ತಡೆದು, ಹಾಗೆ ಉಳಿದ ಶಕ್ತಿಯನ್ನು ಬ್ಯಾಟರಿಗೆ ತುಂಬಿಸುತ್ತದೆ. ಬ್ಯಾಟರಿ ಮೊದಲೇ ಪೂರ್ತಿ ತುಂಬಿದ್ದರೆ ಆ ಶಕ್ತಿಗೆ ಜಾಗವಿಲ್ಲದೆ ಮೋಟಾರಿನ ತಡೆ ಕಡಿಮೆಯಾಗಿ, ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯ ನೆತ್ತಿಗೆ ಬರುವಾಗ ಚಾರ್ಜ್ 80–85 ಶೇಕಡಾ ಇದ್ದರೆ ಒಳ್ಳೆಯದು.

ಕೊಟ್ಟಿಗೆಹಾರದಲ್ಲಿ ಸೇರುವುದಾದರೆ ಅಂಗಡಿಗಳ ಮುಂದೆ, ಬಸ್ಸು ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಬೇಡಿ. ಇಷ್ಟು ಜನ ಬರುತ್ತೇವೆಂದು ಹೋಟೆಲಿನವರಿಗೆ ಹಿಂದಿನ ದಿನವೇ ತಿಳಿಸಿ, ಎಲ್ಲಿ ನಿಲ್ಲಿಸಿದರೆ ಅನುಕೂಲ ಎಂದು ಅವರನ್ನೇ ಕೇಳಿ. ಅಲ್ಲಿನ ನೀರುದೋಸೆ ಹೆಸರುವಾಸಿ, ತಿನ್ನಲೇಬೇಕು. ಆದರೂ ಹಿಂದಿನ ಸೀಟಿನ ಮಕ್ಕಳಿಗೆ ಹಿತಮಿತವಾಗಿ ಬಡಿಸಿ, ಅರ್ಧ ಗಂಟೆ ಬಿಟ್ಟು ಹೊರಡುವುದು ಎಲ್ಲರಿಗೂ ಕ್ಷೇಮ.

ಸಾಲು ಗೋಡೆಯಾಗದಿರಲಿ

12 ಕಾರುಗಳ ಕೂಟವನ್ನು ಊಹಿಸಿಕೊಳ್ಳಿ. ಒಂದೊಂದು ಕಾರಿಗೆ 4 ಮೀಟರ್ ಉದ್ದ, ನಡುವೆ 5 ಮೀಟರ್ ಅಂತರ ಎಂದುಕೊಂಡರೆ ಸಾಲಿನ ಉದ್ದ ಸುಮಾರು 100 ಮೀಟರ್ ಆಗುತ್ತದೆ. ತಿರುವಿನಿಂದ ತಿರುವಿಗೆ ಅಷ್ಟು ನೇರ ದಾರಿಯೇ ಅಪರೂಪವಾಗಿರುವ ಘಾಟಿಯಲ್ಲಿ ಇಂಥ ಸಾಲನ್ನು ಬೈಕಿನವರೂ ದಾಟಲಾರರು, ಬಸ್ಸಿನವರೂ ದಾಟಲಾರರು. ತಾಳ್ಮೆ ಕಳೆದುಕೊಂಡ ಯಾರೋ ಒಬ್ಬರು ಕುರುಡು ತಿರುವಿನಲ್ಲಿ ಮುನ್ನುಗ್ಗಿದರೆ, ಅವರನ್ನು ಆ ಅಪಾಯಕ್ಕೆ ದೂಡಿದ್ದರಲ್ಲಿ ನಮ್ಮ ಪಾಲೂ ಇರುತ್ತದೆ. ಎಲ್ಲರೂ ಒಟ್ಟಾಗಿ ಕಾಣಬೇಕು, ವಿಡಿಯೊದಲ್ಲಿ ಚೆನ್ನಾಗಿ ಬರಬೇಕು ಎಂಬ ಆಸೆ ಸಹಜವೇ. ಆದರೆ ಆ ಆಸೆಯನ್ನು ಘಾಟಿಯ ನೆತ್ತಿಯಲ್ಲಿಯೇ ಬಿಟ್ಟು ಇಳಿಯಬೇಕು.

ಕೂಟವನ್ನು ನಾಲ್ಕು ನಾಲ್ಕು ಕಾರುಗಳ ತಂಡಗಳಾಗಿ ಒಡೆದು, ತಂಡಕ್ಕೂ ತಂಡಕ್ಕೂ ನಡುವೆ ಐದು ನಿಮಿಷ ಬಿಟ್ಟು ಹೊರಡಿಸಿ. ತಂಡದ ಒಳಗೆ ಮುಂದಿನ ಕಾರಿಗೂ ನಿಮಗೂ ಮೂರು ಸೆಕೆಂಡಿನ ಅಂತರವಿರಲಿ. ಮುಂದಿನ ಕಾರು ಒಂದು ಕಿಲೋಮೀಟರು ಕಲ್ಲನ್ನೋ ಮರವನ್ನೋ ದಾಟಿದಾಗ ಎಣಿಸಲು ಶುರುಮಾಡಿ, ನೀವು ಅದೇ ಜಾಗಕ್ಕೆ ಬರುವಾಗ ಮೂರು ಸೆಕೆಂಡು ಕಳೆದಿರಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇದು ಸುಮಾರು 33 ಮೀಟರ್ ಆಗುತ್ತದೆ. ಹಿಂದಿನಿಂದ ಬಂದ ಬೈಕು ಅಥವಾ ಜೀಪು ಒಂದೊಂದೇ ಕಾರನ್ನು ದಾಟಿ ನಡುವೆ ಸೇರಿಕೊಳ್ಳಲು ಅಷ್ಟು ಜಾಗ ಸಾಕು. ಹಾಗೆ ಯಾರಾದರೂ ನಡುವೆ ಬಂದರೆ ಅವರನ್ನು ಅಡ್ಡಿಯೆಂದು ಭಾವಿಸಿ ಹಿಂದೆಯೇ ಅಂಟಿಕೊಂಡು ಹೋಗಬೇಡಿ. ಸ್ವಲ್ಪ ಹಿಂದೆ ಸರಿದು ಅಂತರವನ್ನು ಹೊಸದಾಗಿ ಮಾಡಿಕೊಳ್ಳಿ.

ದಾರಿ ಬಲ್ಲ, ಆತುರವಿಲ್ಲದ ಚಾಲಕರು ಪ್ರತಿ ತಂಡದ ಮುಂದಿರಲಿ. ಹೊಸಬರನ್ನು ಅವರ ಬೆನ್ನಿಗೇ ಇರಿಸಬೇಕು, ಏಕೆಂದರೆ ಹೊಸಬರು ಕೊನೆಯಲ್ಲಿದ್ದರೆ ಹಿಂದೆ ಬಿದ್ದೆವೆಂಬ ಗಾಬರಿಯಲ್ಲಿ ತಮ್ಮ ಶಕ್ತಿ ಮೀರಿ ಓಡಿಸುತ್ತಾರೆ. ಇಡೀ ಕೂಟದ ಕೊನೆಯ ಕಾರಿನಲ್ಲಿ ಅನುಭವಿಗಳು ಇರಬೇಕು. ಎಚ್ಚರಿಕೆಯ ತ್ರಿಕೋನ, ಎಳೆಯುವ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚು ಅವರ ಬಳಿ ಇರಲಿ. ಘಾಟಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಆದ್ದರಿಂದ ಕೊಟ್ಟಿಗೆಹಾರ ಬಿಟ್ಟ ಮೇಲೆ ಮತ್ತೆ ಸೇರುವುದು ಎಲ್ಲಿ, ಎಷ್ಟು ಹೊತ್ತು ಕಾಯಬೇಕು, ಯಾರಾದರೂ ಬಾರದಿದ್ದರೆ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಬಾಯಿಮಾತಿನಲ್ಲಿ ನಿಶ್ಚಯಿಸಿಕೊಂಡು, ತುರ್ತು ಕರೆಯ ಸಂಖ್ಯೆ 112 ಎಂಬುದನ್ನೂ ಎಲ್ಲರಿಗೂ ನೆನಪಿಸಬೇಕು. ಕನ್ನಡಿಯಲ್ಲಿ ಹಿಂದಿನ ಕಾರು ಕಾಣುತ್ತಿಲ್ಲವೆಂದು ತಿರುವಿನಲ್ಲಿಯೇ ನಿಂತು ಕಾಯುವುದು ಬಹಳ ಅಪಾಯಕಾರಿ.

ಹಿಂದೆ ವೇಗದ ವಾಹನ ಬಂದರೆ ದಾರಿ ಬಿಡುವುದಕ್ಕೂ ಒಂದು ಕ್ರಮವಿದೆ. ರಸ್ತೆ ಅಗಲವಾದ ಕಡೆ ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಅಂಚಿಗೆ ಸರಿದು ನಿಂತರೆ ಅಷ್ಟು ಸಾಕು. ಕಿಟಕಿಯಿಂದ ಕೈ ಹೊರಹಾಕಿ ‘ಹೋಗಿ’ ಎಂದು ಸನ್ನೆ ಮಾಡಬೇಡಿ, ಎದುರಿನ ದಾರಿ ಖಾಲಿಯಿದೆಯೆಂದು ಇನ್ನೊಬ್ಬರ ಪರವಾಗಿ ತೀರ್ಮಾನಿಸುವ ಹಕ್ಕು ನಮಗಿಲ್ಲ. ಆಂಬುಲೆನ್ಸಿನ ಸದ್ದು ಕೇಳಿದರೆ ಮಾತ್ರ ಜಾಗ ಸಿಗಲಿ ಎಂದು ಕಾಯುವಂತಿಲ್ಲ. ತಿರುವು ದಾಟಿದ ಕೂಡಲೇ ಇಡೀ ತಂಡ ಎಡಕ್ಕೆ ಒತ್ತಿ ನಿಲ್ಲಬೇಕು, ಅದು ಹೋದ ಮೇಲೆ ಅದರ ಬೆನ್ನು ಹಿಡಿದು ಓಡಬಾರದು.

ತಿರುವು, ಇಳಿಜಾರು, ಮಂಜು

ತಿರುವಿನಲ್ಲಿ ಕಾರನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದೇ ತಿರುವನ್ನು 30ರ ಬದಲು 60 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಟೈರು ತಡೆಯಬೇಕಾದ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದ್ದರಿಂದ ಬ್ರೇಕ್ ಹಾಕುವುದು, ಗೇರ್ ಇಳಿಸುವುದು ಎರಡೂ ತಿರುವಿಗೆ ಮುಂಚೆ, ಕಾರು ನೇರವಾಗಿರುವಾಗಲೇ ಮುಗಿಯಬೇಕು. ತಿರುವಿನೊಳಗೆ ಸ್ಟೇರಿಂಗ್ ಮತ್ತು ಹಗುರವಾದ ಆ್ಯಕ್ಸಿಲರೇಟರ್ ಬಿಟ್ಟು ಬೇರೇನೂ ಬೇಡ. ಬಲಕ್ಕೆ ತಿರುಗುವಾಗ ಮಧ್ಯದ ಗೆರೆಯನ್ನು ಕತ್ತರಿಸುವುದು ಅನೇಕರಿಗೆ ರೂಢಿಯಾಗಿಬಿಟ್ಟಿದೆ, ಎದುರಿನ ಬಸ್ಸು ಕಾಣಿಸಿಕೊಳ್ಳುವುದು ಸರಿಯಾಗಿ ಅಲ್ಲಿಯೇ. ಎಡ ತಿರುವಿನಲ್ಲಿ ಬೇಗನೆ ಒಳಗೆ ನುಗ್ಗಿದರೆ ಹೊರಬರುವಾಗ ಕಾರು ತಾನಾಗಿ ಬಲಕ್ಕೆ ಸರಿಯುತ್ತದೆ. ತಿರುವಿನ ಆಚೆಯ ದಾರಿ ಕಣ್ಣಿಗೆ ಬೀಳುವವರೆಗೆ ತಾಳಿ, ಆಮೇಲೆ ತಿರುಗಿಸಿ.

ಎಷ್ಟು ವೇಗ ಸರಿ ಎಂಬುದಕ್ಕೆ ಫಲಕದ ಸಂಖ್ಯೆಗಿಂತ ಕಣ್ಣಳತೆಯೇ ನಂಬಿಕೆಗೆ ಅರ್ಹ. ಕಾಣುವಷ್ಟು ದೂರದೊಳಗೆ ಕಾರು ನಿಲ್ಲಬೇಕು. ರಸ್ತೆ ಒಂದೇ ವಾಹನದಷ್ಟು ಕಿರಿದಾಗಿದ್ದರೆ ಕಾಣುವ ದೂರದ ಅರ್ಧದೊಳಗೆ ನಿಲ್ಲಬೇಕು, ಏಕೆಂದರೆ ಇನ್ನರ್ಧ ಎದುರಿನವರಿಗೆ ಬೇಕು. ಹಿಂದಿನ ಸೀಟಿನಲ್ಲಿ ಕುಳಿತವರ ಮುಖವೂ ಒಂದು ಒಳ್ಳೆಯ ಮಾಪಕ. ಅವರಿಗೆ ಹೊಟ್ಟೆ ತೊಳಸಲು ಶುರುವಾಗಿದ್ದರೆ ಬ್ರೇಕು ಮತ್ತು ಸ್ಟೇರಿಂಗಿನಲ್ಲಿ ಜರ್ಕು ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೂ ಲಾರಿಗೂ ಇಡೀ ರಸ್ತೆ ಬೇಕಾಗುತ್ತದೆ. ಅವು ಬರುತ್ತಿರುವುದು ಕಂಡರೆ ತಿರುವಿನೊಳಗೆ ಮೂತಿ ತೂರಿಸದೆ, ಅದಕ್ಕೂ ಮೊದಲೇ ಸಾಕಷ್ಟು ಹಿಂದೆ ನಿಂತುಬಿಡಿ. ಆಗುಂಬೆಯ 14 ತಿರುವುಗಳಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯ, ಅಲ್ಲಿ ಒಂದು ಕಾರು ತಪ್ಪಾಗಿ ನಿಂತರೂ ಎರಡೂ ಕಡೆಯ ಸಂಚಾರ ಕಟ್ಟಿಕೊಳ್ಳುತ್ತದೆ. ಇಬ್ಬರಿಗೆ ಜಾಗವಿಲ್ಲದ ಏರಿನಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಭಾರ ಹೊತ್ತು ಏರುವ ವಾಹನ ಒಮ್ಮೆ ನಿಂತರೆ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುವ ಸಂಭವವಿರುವುದೇ ಇದಕ್ಕೆ ಕಾರಣ. ನಾವೇ ಏರುವಾಗಲೂ ಮುಂದಿನ ವಾಹನದ ಹಿಂದಿನ ಟೈರು ನೆಲಕ್ಕೆ ತಾಗುವ ಜಾಗ ಕಾಣುವಷ್ಟು ಅಂತರ ಬಿಟ್ಟು ನಿಲ್ಲುವುದು ಒಳ್ಳೆಯದು.

ಯಾವ ಗೇರಿನಲ್ಲಿ ಏರಬಹುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಆಟೊಮ್ಯಾಟಿಕ್ ಕಾರಿನವರು ‘ಡಿ’ಯಲ್ಲಿಯೇ ಬಿಡದೆ ಮ್ಯಾನ್ಯುಯಲ್ ಅಥವಾ ‘ಎಲ್’ ಸ್ಥಾನಕ್ಕೆ ತಂದುಕೊಳ್ಳಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದಕ್ಕಿಂತ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟರೆ ಡಿಸ್ಕಿಗೆ ತಣಿಯಲು ಸಮಯ ಸಿಗುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು ಮಾತ್ರ ಎಂದಿಗೂ ಕೂಡದು. ಈಗಿನ ಕಾರುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ಕಡಿತ ಮಾಡುವುದರಿಂದ ಅದರಲ್ಲಿ ಉಳಿತಾಯವೂ ಇಲ್ಲ.

ಮಂಜು ಕವಿದರೆ ದೀಪವನ್ನು ಡಿಪ್ಪಿಗೆ ಇಳಿಸಿ. ಹೈಬೀಮಿನ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಸಾಲಾಗಿ ಹೋಗುವ ಪದ್ಧತಿ ಕೂಟಗಳಲ್ಲಿ ಬಹಳವಿದೆ, ಅದನ್ನು ಕೈಬಿಡಬೇಕು. ನೀವು ಯಾವ ಕಡೆ ತಿರುಗುತ್ತೀರಿ, ನಿಂತಿದ್ದೀರೋ ಚಲಿಸುತ್ತಿದ್ದೀರೋ ಎಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಕುರುಡು ತಿರುವಿನಲ್ಲಿ ಹಾರ್ನ್ ಒಂದೇ ಸಲ, ಚಿಕ್ಕದಾಗಿ ಸಾಕು. ಸುತ್ತ ಕಾಡಿದೆ, ಪ್ರಾಣಿಗಳಿವೆ, ಎಕ್ಸಾಸ್ಟ್ ಸದ್ದಿನ ಪ್ರದರ್ಶನಕ್ಕೆ ಅದು ಜಾಗವಲ್ಲ. ಕೂಟದೊಳಗೆ ಪೈಪೋಟಿ ಹುಟ್ಟಿದರೆ ಮುಂದಿನ ಕಾರಿನವರು ಅಲ್ಲಿಯೇ ತಡೆಯಬೇಕು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಸೆರೆವಾಸವನ್ನೂ ವಿಧಿಸಬಹುದಾದ ಅಪರಾಧ.

ನಿಲ್ಲುವಾಗ

ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿಯಿದೆ. ಬಸ್ಸು, ಲಾರಿಗಳ ಚಾಲಕರು ಅಲ್ಲಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುವುದು ವಾಡಿಕೆ. ಮುಂದಿನ ಬಸ್ಸು ಅಲ್ಲಿ ನಿಧಾನಿಸುತ್ತದೆಂದು ತಿಳಿದಿರಿ, ಹಾರ್ನ್ ಹೊಡೆದು ಅವಸರಿಸಬೇಡಿ. ನೀವೂ ಇಳಿಯುವುದಾದರೆ ಇಡೀ ಕೂಟ ಒಟ್ಟಿಗೆ ನಿಲ್ಲದೆ ತಂಡ ತಂಡವಾಗಿ ನಿಲ್ಲಿ.

ಜಲಪಾತದ ಎದುರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ನಾಲ್ಕೂ ಚಕ್ರಗಳು ಡಾಂಬರು ಬಿಟ್ಟು ಹೊರಗೆ ಇರಲು ಸಾಧ್ಯವಾದರೆ, ತಿರುವಿನಿಂದ ದೂರವಿದ್ದರೆ ಮಾತ್ರ ನಿಲ್ಲಿ, ಇಲ್ಲವಾದರೆ ಮುಂದೆ ಸಾಗಿ. ಮಕ್ಕಳನ್ನು ಗುಡ್ಡದ ಕಡೆಯ ಬಾಗಿಲಿನಿಂದ ಇಳಿಸಿ. ಪಾಚಿ ಕಟ್ಟಿದ ಬಂಡೆಗಳ ಮೇಲೆ ಹತ್ತಬಾರದು. ಮಂಗಗಳಿಗೆ ತಿಂಡಿ ಎಸೆದರೆ ಅವು ರಸ್ತೆಯಲ್ಲಿಯೇ ಕಾಯುವುದನ್ನು ಕಲಿತು ಚಕ್ರಕ್ಕೆ ಸಿಗುತ್ತವೆ, ಆದ್ದರಿಂದ ಒಂದು ಬಾಳೆಹಣ್ಣನ್ನೂ ಕೊಡಬೇಡಿ.

ಕಾರು ಕೆಟ್ಟು ನಿಂತರೆ ತ್ರಿಕೋನವನ್ನು ಕಾರಿನ ಬೆನ್ನಿಗೇ ಇಟ್ಟು ಪ್ರಯೋಜನವಿಲ್ಲ, ಹಿಂದಿನ ತಿರುವಿನ ಆಚೆ, ಬರುವವರಿಗೆ ಮೊದಲೇ ಕಾಣುವಂತೆ ಇಡಬೇಕು. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಅದನ್ನು ಎತ್ತಿ ಚರಂಡಿಯ ಆಚೆ ಹಾಕುವ ಹೊಣೆ ಕೊನೆಯ ಕಾರಿನವರದು. ರಸ್ತೆಯ ನಡುವೆ ಉಳಿದ ಅಂಥ ಒಂದು ಕಲ್ಲು ರಾತ್ರಿ ಬರುವ ಬೈಕಿನವರ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಕೆಳಗೆ ಚಾರ್ಮಾಡಿ ಊರು ದಾಟಿದ ಮೇಲೆ ಅಗಲವಾದ ಜಾಗ ನೋಡಿ ಸೇರಿಕೊಳ್ಳಿ. ಚಕ್ರದಿಂದ ಸುಟ್ಟ ವಾಸನೆ ಬರುತ್ತಿದ್ದರೆ ನೀರು ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಸಮತಟ್ಟಾದ ಕಡೆ ಗೇರಿನಲ್ಲಿಯೋ ‘ಪಿ’ಯಲ್ಲಿಯೋ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ಇಪ್ಪತ್ತು ನಿಮಿಷ ತಣಿಯಲು ಬಿಡಿ. ಅಷ್ಟರಲ್ಲಿ ಮುಂದಿನ ತಂಡದವರು ಪಟ್ಟಿ ಹಿಡಿದು ಬಂದ ಕಾರುಗಳನ್ನು ಗುರುತು ಹಾಕಿಕೊಳ್ಳಲಿ. ಕೊನೆಯ ಕಾರು ಬಂದು ಲೆಕ್ಕ ಸರಿಹೋಗುವವರೆಗೆ ಯಾರೂ ಉಜಿರೆಯ ಕಡೆಗೆ ಹೊರಡಬಾರದು.