ಸ್ಟಾಪ್ ಸೈನ್ ಟಿಕೆಟ್ಟಿಗೆ ನಾನು ದಂಡ ಕಟ್ಟದೇ ವಾದ ಮಾಡಿದ್ದು

ಟಿಕೆಟ್, ಅಂದರೆ ದಂಡದ ಚೀಟಿ ಬರೆದ ಪೊಲೀಸ್ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದರು. ಸ್ಟಾಪ್ ಸೈನ್, ಅಂದರೆ ಗಾಡಿ ಪೂರ್ತಿ ನಿಲ್ಲಿಸಲೇಬೇಕಾದ ಫಲಕದ ಹತ್ತಿರ ನಾನು ನಿಲ್ಲಿಸಲೇ ಇಲ್ಲ, ಕಾರು ಉರುಳಿಕೊಂಡು ಬಂತು ಅಂದರು. ನಾನು ನಿಲ್ಲಿಸಿದ್ದೆ. ಅಲ್ಲೇ ವಾದಕ್ಕೆ ಇಳಿಯಲಿಲ್ಲ. ಸಹಿ ಹಾಕಿದೆ. ಕ್ಯಾಲಿಫೋರ್ನಿಯಾದಲ್ಲಿ ಆ ಸಹಿಗೆ ತಪ್ಪು ಒಪ್ಪಿಕೊಂಡೆ ಅನ್ನುವ ಅರ್ಥವಿಲ್ಲ, ಹೇಳಿದ ದಿನದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಅಂತ ಮಾತ್ರ.

ದಂಡ 238 ಡಾಲರ್. ಅದಕ್ಕಿಂತ ಹೆಚ್ಚು ಚುಚ್ಚುವುದು ಲೈಸೆನ್ಸ್ ಮೇಲೆ ಬೀಳುವ ಒಂದು ಪಾಯಿಂಟ್, ಅಂದರೆ ತಪ್ಪಿನ ಗುರುತು. ಅದನ್ನು ನೋಡಿ ಇನ್ಶೂರೆನ್ಸ್‌ನವರು ಪ್ರೀಮಿಯಂ ಏರಿಸುತ್ತಾರೆ. 'ಸುಮ್ನೆ ದುಡ್ಡು ಕಟ್ಟಿ ಟ್ರಾಫಿಕ್ ಸ್ಕೂಲ್ ಮುಗಿಸಿಬಿಡೋ' ಅಂದ ಗೆಳೆಯ. ತಪ್ಪು ಮಾಡಿದ್ದರೆ ಹಾಗೇ ಮಾಡುತ್ತಿದ್ದೆ. ಆ ಸಂಚಾರ ನಿಯಮಗಳ ತರಗತಿ ಮುಗಿಸಿದರೆ ಪಾಯಿಂಟ್ ಇನ್ಶೂರೆನ್ಸ್‌ನವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಅವಕಾಶ 18 ತಿಂಗಳಿಗೆ ಒಂದೇ ಸಲ, ಮಾಡದ ತಪ್ಪಿಗೆ ಅದನ್ನು ಯಾಕೆ ಕಳೆದುಕೊಳ್ಳಬೇಕು?

ಮೊದಲು ಕಾನೂನು ಓದಿದೆ. ವೆಹಿಕಲ್ ಕೋಡ್ 22450. ನೆಲದ ಮೇಲೆ ಬಿಳಿ ಗೆರೆ ಇದ್ದರೆ ಅಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಜನ ರಸ್ತೆ ದಾಟುವ ಕ್ರಾಸ್‌ವಾಕ್‌ಗೆ ಮುಂಚೆ. ಅದೂ ಇಲ್ಲದಿದ್ದರೆ ಅಡ್ಡರಸ್ತೆ ಶುರುವಾಗುವ ಕಡೆ. ಮೂರು ಸೆಕೆಂಡ್ ನಿಲ್ಲಬೇಕು ಅಂತ ನಮ್ಮವರೆಲ್ಲ ಹೇಳುತ್ತಾರಲ್ವಾ, ಅದು ಆ ಸೆಕ್ಷನ್ನಿನಲ್ಲಿ ಎಲ್ಲೂ ಇಲ್ಲ. ಚಕ್ರ ಪೂರ್ತಿ ನಿಲ್ಲಬೇಕು, ಅಷ್ಟೇ.

ಮಾರನೆಯ ದಿನ ಅದೇ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ಆ ಜಾಗಕ್ಕೆ ಹೋದೆ. 'ರೀ, ನೋಡಿದವರು ಏನಂದ್ಕೋತಾರೆ' ಅಂತ ಗೊಣಗುತ್ತಲೇ ಟೇಪಿನ ಒಂದು ತುದಿ ಹಿಡಿದಳು. ಬಿಳಿ ಗೆರೆಯಿಂದ ಅಡ್ಡರಸ್ತೆಯ ಅಂಚಿಗೆ 22 ಅಡಿ! ಮೂಲೆಮನೆಯ ಬೇಲಿಗಿಡ ಎದೆಮಟ್ಟ ಬೆಳೆದಿತ್ತು. ಗೆರೆಯ ಹತ್ತಿರ ನಿಂತರೆ ಎಡಗಡೆಯಿಂದ ಬರುವ ಕಾರೇ ಕಾಣದು. ಹಾಗಾಗಿ ಎಲ್ಲರೂ ಗೆರೆಯಲ್ಲಿ ನಿಂತು, ಆಮೇಲೆ ಮೆಲ್ಲಗೆ ಮುಂದೆ ಸರಿದು, ಇಣುಕಿ ನೋಡಿ ತಿರುಗುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಪೊಲೀಸ್ ಕಾರು ನಿಂತಿದ್ದ ಜಾಗಕ್ಕೆ ಹೋಗಿ ಕಾಲುದಾರಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾರಿನ ಸೀಟಿನ ಎತ್ತರದಿಂದ ನೋಡಿದೆ. ಗೆರೆ ಗಿಡದ ಹಿಂದೆ ಮರೆಯಾಗಿತ್ತು. ಅವರ ಕಣ್ಣಿಗೆ ಬಿದ್ದದ್ದು ನಾನು ಸರಿಯುತ್ತಾ ಬಂದದ್ದು ಮಾತ್ರ. ಅಂದರೆ ಅವರು ಸುಳ್ಳು ಹೇಳಿರಲಿಲ್ಲ.

ಇಲ್ಲಿ ಕೋರ್ಟಿಗೆ ಹೋಗದೆ ಬರವಣಿಗೆಯಲ್ಲೇ ವಾದ ಮಾಡಬಹುದು. ಟಿಆರ್-205 ಅನ್ನುವ ಫಾರ್ಮ್ ತುಂಬಿ, ದಂಡದಷ್ಟು ಹಣವನ್ನು ಠೇವಣಿ ಇಟ್ಟು ಕಳಿಸಬೇಕು. ನಾನು ಮೊದಲು ಬರೆದದ್ದು ಎರಡು ಪುಟದ ಗೋಳು. ಒಂಬತ್ತು ವರ್ಷದಿಂದ ಒಂದೂ ಟಿಕೆಟ್ ಇಲ್ಲ, ಮಗಳನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರುವ ಆತುರ... ಓದಿ ನನಗೇ ನಗು ಬಂತು. ಆತುರ ಅಂತ ಬರೆದರೆ ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡ ಹಾಗೆ. ಎಲ್ಲ ಹೊಡೆದು ಹಾಕಿ ಅರ್ಧ ಪುಟ ಉಳಿಸಿದೆ. ಎಲ್ಲಿ ನಿಂತೆ, ಅವರು ಎಲ್ಲಿದ್ದರು, ಅಲ್ಲಿಂದ ಏನು ಕಾಣುತ್ತದೆ. ಜೊತೆಗೆ ನಾಲ್ಕು ಫೋಟೊ, ಕೈಯಲ್ಲಿ ಬರೆದ ಒಂದು ನಕ್ಷೆ.

ಸೋತೆ. ತೀರ್ಪಿನಲ್ಲಿ ಕಾರಣ ಕೂಡ ಇರಲಿಲ್ಲ. ಆ ಲಕೋಟೆಯನ್ನು ದಿನಸಿ ಅಂಗಡಿಯ ಜಾಹೀರಾತುಗಳ ಜೊತೆ ಆರು ದಿನ ಒಡೆಯದೇ ಇಟ್ಟಿದ್ದೆ, ಪುಣ್ಯಕ್ಕೆ ಅಷ್ಟಕ್ಕೇ ನೋಡಿದೆ. ತೀರ್ಪು ಪೋಸ್ಟ್ ಮಾಡಿದ ದಿನದಿಂದ 20 ದಿನದೊಳಗೆ ಟಿಆರ್-220 ಫಾರ್ಮ್ ಹಾಕಿದರೆ ಹೊಸದಾಗಿ, ಎದುರಾಎದುರು ವಿಚಾರಣೆ ಸಿಗುತ್ತದೆ. ಅದನ್ನೇ ಕಳಿಸಿದೆ.

ವಿಚಾರಣೆಯ ದಿನ ನನಗಿಂತ ಮುಂಚೆ ಇದ್ದ ಇಬ್ಬರ ಕೇಸು, ಟಿಕೆಟ್ ಕೊಟ್ಟವರು ಬರಲಿಲ್ಲ ಅಂತಲೇ ಬಿದ್ದುಹೋಯಿತು. ನನಗೂ ಆಸೆ ಹುಟ್ಟಿತು. ತಿರುಗಿ ನೋಡಿದರೆ ನಮ್ಮ ಅಧಿಕಾರಿ ಹಿಂದಿನ ಸಾಲಿನಲ್ಲೇ ಕೂತಿದ್ದಾರೆ! ಸರ್ಕಾರದ ಕಡೆ ವಕೀಲರು ಯಾರೂ ಇರಲಿಲ್ಲ. ಅಧಿಕಾರಿ ತಾವು ನೋಡಿದ್ದನ್ನು ಹೇಳಿದರು, ಆಮೇಲೆ ಪ್ರಶ್ನೆ ಕೇಳುವ ಸರದಿ ನನ್ನದು. ಮೂರೇ ಪ್ರಶ್ನೆ ಬರೆದುಕೊಂಡಿದ್ದೆ. ನಿಮ್ಮ ಕಾರು ಈ ಫೋಟೊದಲ್ಲಿ ಎಲ್ಲಿತ್ತು? ಅವರು ಬೆರಳಿಟ್ಟು ತೋರಿಸಿದರು. ಅಲ್ಲಿಂದ ಬಿಳಿ ಗೆರೆ ಕಾಣುತ್ತಿತ್ತಾ? ಫೋಟೊವನ್ನು ಹತ್ತಿರ ಹಿಡಿದು ನೋಡಿದರು. 'ಗೆರೆ ಕಂಡ ನೆನಪಿಲ್ಲ' ಅಂದರು. ಮೂರನೆಯದು ಕೇಳಲೇ ಇಲ್ಲ. ನಾಲಿಗೆ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಸಿಕ್ಕ ಉತ್ತರವನ್ನು ಕೆದಕಿದರೆ ಅದು ಬದಲಾಗಬಹುದು.

ಇಂಥ ಕೇಸಿನಲ್ಲೂ ಅನುಮಾನಕ್ಕೆ ಜಾಗವಿಲ್ಲದಂತೆ ತಪ್ಪು ಸಾಬೀತಾಗಬೇಕು. ಜಡ್ಜ್ ಫೋಟೊಗಳನ್ನು ಒಂದೊಂದಾಗಿ ನೋಡಿ ಕೇಸ್ ವಜಾ ಮಾಡಿದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬೇಕು. ಹೊರಗೆ ಬರುವಾಗ ಆ ಅಧಿಕಾರಿಯೇ ನನಗೆ ಬಾಗಿಲು ಹಿಡಿದುಕೊಂಡರು.

ಠೇವಣಿ ಹಣ ಐದಾರು ವಾರಕ್ಕೆ ಚೆಕ್ ಆಗಿ ಪೋಸ್ಟಿನಲ್ಲಿ ಬಂತು. ಆದರೂ ಸಮಾಧಾನವಾಗಲಿಲ್ಲ, ಎರಡು ಡಾಲರ್ ಕೊಟ್ಟು, ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯಿಂದ ನನ್ನ ದಾಖಲೆ ತೆಗೆಸಿ ನೋಡಿದೆ. ಪಾಯಿಂಟ್ ಬಿದ್ದಿರಲಿಲ್ಲ.