ಅಸ್ಥಿ ಯಾವ ನೀರಿಗೆ? ಇಂಗ್ಲೆಂಡಿಗೆ ಬಂದ ಮೈಸೂರು, ಮಂಡ್ಯದವರಿಗೆ

ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಬಾಡಿಗೆ ಮನೆ, ಮಕ್ಕಳ ಶಾಲೆ, ರಾಗಿಹಿಟ್ಟು ಸಿಗುವ ಅಂಗಡಿ ಎಲ್ಲವನ್ನೂ ಹೇಳಿಕೊಡಲು ಜನರಿದ್ದಾರೆ. ಸಾವಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಾಣಂತನಕ್ಕೆಂದೋ ಮೊಮ್ಮಕ್ಕಳ ಜೊತೆ ನಾಲ್ಕು ತಿಂಗಳು ಇರಲೆಂದೋ ವಯಸ್ಸಾದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ನಾವೇ. ಹಾಗೆ ಕರೆಸಿಕೊಂಡ ನನ್ನ ಅಪ್ಪ 2024ರ ಜನವರಿಯಲ್ಲಿ ಲೆಸ್ಟರ್‌ನ ನಮ್ಮ ಮನೆಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ನಾನಿಲ್ಲಿ ಇಪ್ಪತ್ತು ವರ್ಷ ಕಳೆದಿದ್ದೆ. ಆದರೂ ಒಂದರ ಮೇಲೊಂದು ತಪ್ಪು ಮಾಡಿದೆ. ಅವು ಇಂದಿಗೂ ಚುಚ್ಚುತ್ತವೆ.

ಮೊದಲ ತಪ್ಪು, ಅಪ್ಪ ಹೋದ ರಾತ್ರಿಯೇ ಊರಿಗೆ ಫೋನ್ ಮಾಡಿ ‘ನಾಡಿದ್ದು ಸಂಸ್ಕಾರ, ಅಲ್ಲಿಂದ ಮೂರನೇ ದಿನಕ್ಕೆ ಹಾಲುತುಪ್ಪ ಇಟ್ಟುಕೊಳ್ಳಿ’ ಎಂದದ್ದು. ಪಾಂಡವಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಕಳುಹಿಸಿಕೊಡುವುದು ರೂಢಿ. ಇಲ್ಲಿ ನಮಗೆ ಚಿತಾಗಾರದ ಸಮಯ ಸಿಕ್ಕಿದ್ದು ಹದಿನೇಳನೆಯ ದಿನ. ಊರಿನಲ್ಲಿ ಹೇಳಿಕಳುಹಿಸಿದ್ದ ನೆಂಟರು ಬಂದು ವಾಪಸು ಹೋದರು. ಚಿಕ್ಕಪ್ಪ ದಿನವೂ ಫೋನ್ ಮಾಡಿ, ‘ಅಣ್ಣನನ್ನು ಇನ್ನೂ ಆ ತಣ್ಣನೆಯ ಪೆಟ್ಟಿಗೆಯಲ್ಲೇ ಮಲಗಿಸಿದ್ದೀಯೇನಪ್ಪ?’ ಎಂದು ಕೇಳುತ್ತಿದ್ದರು. ಉತ್ತರ ಕೊಡಲು ನನ್ನ ಬಳಿ ಮಾತಿರಲಿಲ್ಲ. ಎರಡು ಮೂರು ವಾರ ಹಿಡಿಯಬಹುದು ಎಂದು ಊರಿನವರಿಗೆ ಮೊದಲ ಫೋನಿನಲ್ಲೇ ಹೇಳಿಬಿಡಿ.

ಕಾಗದಪತ್ರದ ದಾರಿ ಇಷ್ಟು: ವೈದ್ಯರ ಪ್ರಮಾಣಪತ್ರ, ಅದರ ಮೇಲೆ ಮೆಡಿಕಲ್ ಎಕ್ಸಾಮಿನರ್ ಎಂಬ ಬೇರೊಬ್ಬ ಹಿರಿಯ ವೈದ್ಯರ ಪರಿಶೀಲನೆ (2024ರ ಸೆಪ್ಟೆಂಬರ್‌ನಿಂದ ಕಡ್ಡಾಯ), ನಂತರ ಐದು ದಿನದೊಳಗೆ ನೋಂದಣಿ, ಸಂಸ್ಕಾರಕ್ಕೆ ಕೊಡುವ ಹಸಿರು ಚೀಟಿ. ಸಾವಿನ ಕಾರಣ ಸ್ಪಷ್ಟವಿಲ್ಲದಿದ್ದರೆ ವಿಷಯ ಕರೋನರ್, ಅಂದರೆ ಸಾವಿನ ಕಾರಣವನ್ನು ತನಿಖೆ ಮಾಡುವ ಅಧಿಕಾರಿಯ ಬಳಿಗೆ ಹೋಗುತ್ತದೆ. ಮರಣಪತ್ರದ ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ.

ಚಿತಾಗಾರದಲ್ಲಿ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಅರ್ಧ ಗಂಟೆಯ ಅವಧಿ. ಮೈ ತೊಳೆದು ಹೊಸ ಪಂಚೆ ಉಡಿಸಲು ಹಿಂದಿನ ದಿನವೇ ಅವಕಾಶ ಕೊಟ್ಟಿದ್ದರು, ಅದಕ್ಕೆ ಕೈಮುಗಿಯುತ್ತೇನೆ. ಎಲ್ಲರೂ ಬಾಯಿಗೆ ಅಕ್ಕಿ ಹಾಕಿದೆವು. ಆಮೇಲೆ ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿಕೊಂಡಿತು. ಅಷ್ಟೇ ಎಂದುಕೊಂಡು ಹೊರಗೆ ಬಂದೆವು. ಪೆಟ್ಟಿಗೆ ಕುಲುಮೆಯೊಳಗೆ ಹೋಗುವುದನ್ನು ಮನೆಯವರು ಹತ್ತಿರ ನಿಂತು ನೋಡಬಹುದು, ಗುಂಡಿಯನ್ನು ಮಗನೋ ಮಗಳೋ ಒತ್ತಬಹುದು, ಮುಂಚಿತವಾಗಿ ಕೇಳಬೇಕು ಅಷ್ಟೇ ಎಂದು ನನಗೆ ತಿಳಿದದ್ದು ತಿಂಗಳ ನಂತರ, ಒಬ್ಬ ಗುಜರಾತಿ ನೆರೆಯವರಿಂದ. ಅಪ್ಪನಿಗೆ ಬೆಂಕಿ ಕೊಟ್ಟವನು ನಾನಲ್ಲ, ಹೆಸರು ಗೊತ್ತಿಲ್ಲದ ಒಬ್ಬ ನೌಕರ. ನೀವು ಮರೆಯದೆ ಕೇಳಿ. ಪೆಟ್ಟಿಗೆಯೊಳಗೆ ತೆಂಗಿನಕಾಯಿ ಇಡಲು ಬಿಡುವುದಿಲ್ಲ, ಕಾವಿಗೆ ಸಿಡಿಯುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ ಅದನ್ನೂ ಮೊದಲೇ ತಿಳಿಸಿ, ತೆಗೆದೇ ಸುಡಬೇಕು.

ಕೆಲವು ದಿನಗಳ ನಂತರ ಬೂದಿಯನ್ನು ತಂದೆ. ಸುಮಾರು ಮೂರು ಕಿಲೋ ತೂಕದ ಪ್ಲಾಸ್ಟಿಕ್ ಡಬ್ಬಿ. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದರು. ಒಳಗಿದ್ದದ್ದು ನುಣ್ಣನೆಯ, ಬೆಳ್ಳಗೆ ಬೂದುಬಣ್ಣದ ಪುಡಿ. ಅಮ್ಮ ಬೆರಳಿನಿಂದ ನಿಧಾನವಾಗಿ ಕೆದಕಿ ನೋಡಿ, ‘ಮೂಳೆ ಎಲ್ಲಪ್ಪ?’ ಎಂದರು. ನಮ್ಮಲ್ಲಿ ಸೌದೆಯ ಚಿತೆ ಆರಿದ ಮೇಲೆ ಹಾಲು ಚಿಮುಕಿಸಿ, ಬೂದಿಯಲ್ಲಿ ಮೂಳೆಯ ಚೂರುಗಳನ್ನು ಆರಿಸಿ ಮಡಕೆಗೆ ಹಾಕುತ್ತಾರೆ. ಇಲ್ಲಿ 800ರಿಂದ 1000 ಡಿಗ್ರಿ ಕಾವಿನಲ್ಲಿ ಸುಮಾರು ಒಂದೂವರೆ ಗಂಟೆ ಸುಟ್ಟ ಮೇಲೆ ಉಳಿಯುವುದೇ ಮೂಳೆ. ಅದನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ಆ ಪುಡಿಯೆಲ್ಲ ಅಸ್ಥಿಯೇ. ಅಮ್ಮನಿಗೆ ಇದನ್ನು ಮೊದಲೇ ಬಿಡಿಸಿ ಹೇಳಿದ್ದರೆ ಅವರು ಹಾಗೆ ಹುಡುಕುತ್ತಿರಲಿಲ್ಲ.

ಆ ಡಬ್ಬಿ ನಮ್ಮ ಬೀರುವಿನಲ್ಲಿ ಮೂರು ತಿಂಗಳು ಕುಳಿತಿತು. ರಜೆ ಸಿಗಲಿಲ್ಲ ಎಂಬುದು ನಾನು ಹೇಳಿಕೊಂಡ ನೆಪ. 2021ರ ಜೂನ್‌ನಲ್ಲಿ, ಕೋವಿಡ್‌ನಿಂದ ಸತ್ತು ಯಾರೂ ಕೇಳದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತ್ತು. ಆ ಸುದ್ದಿ ಓದಿದ ದಿನ ಅಪ್ಪ ಮೈಸೂರಿನಿಂದ ಫೋನ್ ಮಾಡಿ, ‘ಮಕ್ಕಳಿದ್ದೂ ಹೀಗಾಯಿತಲ್ಲೋ’ ಎಂದು ಬಹಳ ಹೊತ್ತು ಸುಮ್ಮನಿದ್ದರು. ಬೀರುವಿನ ಬಾಗಿಲು ತೆಗೆದಾಗಲೆಲ್ಲ ಆ ಮಾತು ಕಿವಿಯಲ್ಲಿ ಕೇಳುತ್ತಿತ್ತು.

ಊರಿಗೆ ಒಯ್ಯುವಾಗ ಡಬ್ಬಿ ಚೆನ್ನಾಗಿ ಕಾಣಲಿ ಎಂದು ಹಿತ್ತಾಳೆಯ ಕಲಶಕ್ಕೆ ತುಂಬಿಸಿದೆ. ಲೋಹದೊಳಗೆ ಏನಿದೆ ಎಂದು ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಾಣುವುದಿಲ್ಲ. ಪಕ್ಕಕ್ಕೆ ಕರೆದು ಮುಚ್ಚಳ ತೆಗೆಸಿದರು. ಕೈಗವಸು ಹಾಕಿದ ಬೆರಳು ಕಲಶದ ಅಂಚಿನಲ್ಲಿ ಸುತ್ತುತ್ತಿದ್ದಾಗ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮರದ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಿರಿ, ಕಲಶ ಊರಿನಲ್ಲಿ ಸಿಗುತ್ತದೆ. ಮರಣಪತ್ರ, ಚಿತಾಗಾರದ ಪತ್ರ, ಒಳಗೆ ಬೂದಿ ಬಿಟ್ಟು ಬೇರೇನೂ ಇಲ್ಲ ಎಂಬ ಪತ್ರ, ಭಾರತೀಯ ಹೈಕಮಿಷನ್ ಅಥವಾ ಕಾನ್ಸುಲೇಟ್‌ನ ಅನುಮತಿ ಜೊತೆಗಿರಲಿ. ವಿಮಾನ ಸಂಸ್ಥೆಗೂ ಮೊದಲೇ ಹೇಳಿ.

ಪಶ್ಚಿಮವಾಹಿನಿಯನ್ನು ನಿಮಗೆ ಪರಿಚಯಿಸಬೇಕಿಲ್ಲ. ಪೂರ್ವಕ್ಕೆ ಹರಿಯುವ ಕಾವೇರಿ ಶ್ರೀರಂಗಪಟ್ಟಣದ ಆ ಒಂದು ಕಡೆ ಪಶ್ಚಿಮಕ್ಕೆ ತಿರುಗುತ್ತಾಳೆ. ನಮ್ಮ ಅಜ್ಜ, ಅಜ್ಜಿ ಎಲ್ಲರೂ ಅಲ್ಲಿಗೇ ಸೇರಿದವರು. ನಾವು ಹೋದದ್ದು ಏಪ್ರಿಲ್‌ನಲ್ಲಿ. 2023ರ ಮಳೆ ಕೈಕೊಟ್ಟಿತ್ತು, ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಅಪ್ಪ ಲೆಸ್ಟರ್‌ನಲ್ಲಿ ಕುಳಿತು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಕಟ್ಟೆಯ ಮಟ್ಟ ನೋಡುತ್ತಿದ್ದರು. 124.80 ಅಡಿ ಎಂಬ ತುಂಬು ಮಟ್ಟದ ಅಂಕಿ ಅವರಿಗೆ ಹಬ್ಬದ ತಾರೀಖಿನಂತೆ. ಅಂಥವರ ಬೂದಿಯನ್ನು ಬಂಡೆಗಳ ನಡುವೆ ಮೊಣಕಾಲು ಮುಟ್ಟದ ನೀರಿಗೆ ಸುರಿದೆ. ಅದು ಹರಿಯಲಿಲ್ಲ. ಕಲ್ಲಿನ ಮೇಲೆ ಕೆಸರಾಗಿ ಕುಳಿತುಕೊಂಡಿತು. ಬೊಗಸೆಯಲ್ಲಿ ನೀರು ಎರಚಿ ಎರಚಿ ತಳ್ಳಿದೆ. ಸುತ್ತಲೂ ಯಾರೋ ಬಿಟ್ಟ ಸೀರೆಗಳು, ಒಡೆದ ಫೋಟೊ ಗಾಜು, ಪ್ಲಾಸ್ಟಿಕ್ ಚೀಲ. ಅಮ್ಮ ದಡದಲ್ಲಿ ನಿಂತು, ‘ನಾಲೆ ನೀರಿಗೆ ಕಾದು ಕಾದು ಬದುಕು ಕಳೆದರು, ಈಗಲೂ ಕಾಯಿಸಿಬಿಟ್ಟೆವು’ ಎಂದರು.

ಆದ್ದರಿಂದ ಹೊಳೆಯಲ್ಲಿ ಹರಿವು ಇರುವ ಕಾಲ ನೋಡಿ ಹೋಗಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಿರುವಾಗ ದಡಕ್ಕೆ ಇಳಿಯಬೇಡಿ. ಬಟ್ಟೆ, ಫೋಟೊ, ಮಡಕೆಗೆ ಕಟ್ಟಿದ ಪ್ಲಾಸ್ಟಿಕ್ ಯಾವುದನ್ನೂ ನೀರಿಗೆ ಹಾಕಬೇಡಿ. ಅದೇ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.

ಇಷ್ಟೆಲ್ಲ ಬರೆದರೂ ನನ್ನನ್ನು ಹೆಚ್ಚು ಸುಡುವ ತಪ್ಪು ಬೇರೆಯೇ ಇದೆ. ಮಗಳಿಗೆ ಪರೀಕ್ಷೆ ಎಂದು ಅವಳನ್ನು ಬಿಟ್ಟು ಹೋದೆ, ಮತ್ತು ಅಪ್ಪನನ್ನು ಪೂರ್ತಿ ಒಯ್ದೆ. ಅವಳು ಲೆಸ್ಟರ್‌ನಲ್ಲೇ ಹುಟ್ಟಿದವಳು. ತಾತ ಇದ್ದ ಮೂರು ತಿಂಗಳೂ ಶಾಲೆ ಬಿಟ್ಟ ಮೇಲೆ ಅವರನ್ನು ಆ್ಯಬೆ ಪಾರ್ಕಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಸೋರ್ ನದಿ ಹರಿಯುತ್ತದೆ. ಆ ನೀರಿಗೆ ಎಷ್ಟು ಎಕರೆ ಭತ್ತ ಬೆಳೆಯಬಹುದು ಎಂದು ತಾತ ಅವಳಿಗೆ ಲೆಕ್ಕ ಹೇಳುತ್ತಿದ್ದರು. ವರ್ಷದ ತಿಥಿಯ ದಿನ ಅವಳು ಕೇಳಿದಳು: ‘ತಾತನಿಗೆ ಹೂವು ಇಡಲು ನಾನು ಎಲ್ಲಿಗೆ ಹೋಗಲಿ?’ ನನಗೆ ಕಾವೇರಿ ಇದೆ. ಅವಳಿಗೆ ಏನೂ ಉಳಿಸಿರಲಿಲ್ಲ.

ಬೂದಿಯನ್ನು ಪಾಲು ಮಾಡಬಾರದು ಎಂದು ಊರಿನಲ್ಲಿ ಹಿರಿಯರು ಹೇಳುತ್ತಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಗಾಂಧೀಜಿಯ ಚಿತಾಭಸ್ಮವನ್ನು ದೇಶದ ಹಲವು ನದಿಗಳಿಗೆ ಹಂಚಿದರು. 1948ರ ಫೆಬ್ರವರಿಯಲ್ಲಿ ಒಂದು ಪಾಲು ಇದೇ ಪಶ್ಚಿಮವಾಹಿನಿಗೆ ಬಂದಿತ್ತು. ಆ ಪಾಲು ಬಾರದಿದ್ದರೆ ನಮ್ಮ ಜಿಲ್ಲೆಯವರು ಅವರಿಗೆ ಎಲ್ಲಿ ಕೈಮುಗಿಯಬೇಕಿತ್ತು? ಕೇಳಿದರೆ ಇಲ್ಲಿ ಬೂದಿಯನ್ನು ಎರಡು ಡಬ್ಬಿ ಮಾಡಿಯೇ ಕೊಡುತ್ತಾರೆ. ಸೋರ್ ನದಿಯಲ್ಲಿ, ಬ್ಯಾರೋ ಎಂಬ ಊರಿನ ಬಳಿ, ಹಿಂದೂಗಳೂ ಸಿಖ್ಖರೂ ವರ್ಷಗಳಿಂದ ದೋಣಿಯಲ್ಲಿ ಹೋಗಿ ಅಸ್ಥಿ ಬಿಡುತ್ತಿದ್ದಾರೆ. ವೇಲ್ಸ್‌ನ ಕಾರ್ಡಿಫ್ ಕಡೆ ಇರುವವರಿಗೆ ಲ್ಯಾಂಡಾಫ್‌ನಲ್ಲಿ ಟ್ಯಾಫ್ ನದಿಯ ದಡದಲ್ಲಿ 2021ರಿಂದ ಇದಕ್ಕೆಂದೇ ಕಟ್ಟಿದ ವೇದಿಕೆ ಇದೆ.

ಅಸ್ಥಿಯನ್ನು ಯಾವ ನೀರಿಗೆ ಬಿಡಬೇಕು ಎಂದು ಅಪ್ಪನನ್ನು ನಾನು ಕೇಳಿರಲಿಲ್ಲ. ಕೇಳುವುದೇ ತಪ್ಪು ಎಂದುಕೊಂಡಿದ್ದೆ. ಹೋದ ದೀಪಾವಳಿಗೆ ಮೈಸೂರಿಗೆ ಹೋದಾಗ, ಕುವೆಂಪುನಗರದ ತಂಗಿಯ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಪಕ್ಕ ಕುಳಿತು, ಅವರ ಅಸ್ಥಿಯನ್ನು ಎಲ್ಲಿ ಬಿಡಲಿ ಎಂದು ಕೇಳಿಯೇಬಿಟ್ಟೆ. ಅಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಮೊರದಲ್ಲಿ ಕಾಳು ಸರಿಸುತ್ತಾ ಕೇಳಿದರು:

‘ಮಗು ಇರುವ ಕಡೆಯ ಆ ಹೊಳೆಯಲ್ಲಿ ಬೇಸಿಗೆಗೂ ನೀರಿರುತ್ತದೇನಪ್ಪ?’

‘ಇರುತ್ತದಮ್ಮ, ವರ್ಷವೆಲ್ಲ ಹರಿಯುತ್ತದೆ.’

‘ಹಾಗಾದರೆ ಒಂದು ಹಿಡಿ ಅಲ್ಲಿಗೆ ತೆಗೆದುಕೊಂಡು ಹೋಗು. ಉಳಿದದ್ದು ನಿಮ್ಮಪ್ಪನ ಕಡೆಗೆ. ಕಟ್ಟೆ ತುಂಬಿದೆಯೋ ಇಲ್ಲವೋ, ಈ ಸಲ ನೋಡಿಕೊಂಡು ಬಿಡು.’