ಎರಡು ಧಾರೆಗಳ ನಡುವೆ ನೀರಿನ ಬದು

ಸಿಂಕ್‌ನಲ್ಲಿ ನಲ್ಲಿ ನೀರು ಬೀಳುವ ಜಾಗವನ್ನು ಗಮನಿಸಿದ್ದೀರಾ? ಧಾರೆಯ ಸುತ್ತ ತೆಳ್ಳಗೆ, ನುಣ್ಣಗೆ ಒಂದು ವೃತ್ತ. ಅದರ ಅಂಚಿನಲ್ಲಿ ನೀರು ಥಟ್ಟನೆ ದಪ್ಪವಾಗುತ್ತದೆ. ಇದು ಹೈಡ್ರಾಲಿಕ್ ಜಂಪ್. ಒಳಗೆ ಜೋರಾಗಿ ಓಡುವ ನೀರು ಅಂಚಿಗೆ ಬಂದು ವೇಗ ಕಳೆದುಕೊಂಡು ಮೇಲೇರುತ್ತದೆ. ಒಂದೇ ಧಾರೆಯ ಕಥೆ ಇಷ್ಟು. ಪಕ್ಕದಲ್ಲಿ ಇನ್ನೊಂದು ಧಾರೆ ಬಿದ್ದರೆ ಏನಾಗುತ್ತದೆ ಅನ್ನೋದು ಜಾಸ್ತಿ ಮಜಾ. ಮನೆಯಲ್ಲೇ ನೋಡಬಹುದು.

ಸುಮಾರು 15 ಸೆಂ.ಮೀ. ಎತ್ತರದ, ತಳ ಸಪಾಟಾದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಬಿಸಿ ಮಾಡಿದ ಮೊಳೆಯಿಂದ ತಳದಲ್ಲಿ 4 ಮಿ.ಮೀ. ಅಗಲದ ಎರಡು ತೂತು ಮಾಡಿ, ನಡುವೆ 3 ಸೆಂ.ಮೀ. ಅಂತರ ಇರಲಿ. (ಈ ಕೆಲಸ ಮಕ್ಕಳಿಗೆ ಬಿಡಬೇಡಿ.) ತೂತಿನ ಅಂಚಿನ ಸಿಬರನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಧಾರೆ ತಿರುಚಿಕೊಳ್ಳುತ್ತದೆ.

ಕೆಳಗಿಡಲು ಮನೆ ಕಟ್ಟುವಾಗ ಉಳಿದ ನುಣುಪಾದ ಬಿಳಿ ಟೈಲ್ಸ್ ಚೆನ್ನಾಗಿರುತ್ತದೆ. ನಾನು ಮೊದಲು ದೋಸೆ ಕಾವಲಿಯನ್ನು ಮಗುಚಿ ಇಟ್ಟಿದ್ದೆ. ಎಣ್ಣೆ ಪಸೆಗೆ ನೀರು ಹರಡದೆ ಚೂರುಚೂರಾಗಿ ಓಡಿತು. ಹಾಗಾಗಿ ಟೈಲ್ಸನ್ನು ಸೋಪು ಹಾಕಿ ತೊಳೆಯಿರಿ, ಮಟ್ಟಸವಾಗಿ ಇಡಿ.

ತೂತುಗಳನ್ನು ಬೆರಳಿನಿಂದ ಮುಚ್ಚಿ ಡಬ್ಬಿ ತುಂಬಿ. ಟೈಲ್ಸ್‌ನಿಂದ ನಾಲ್ಕು ಬೆರಳು ಮೇಲೆ ಹಿಡಿದು ಬೆರಳು ತೆಗೆಯಿರಿ. ಎರಡು ವೃತ್ತಗಳು ಹರಡುತ್ತಾ ಬಂದು ನಡುವೆ ಡಿಕ್ಕಿ ಹೊಡೆಯುತ್ತವೆ. ಅಲ್ಲಿ ನೇರವಾದ ಒಂದು ಏರಿ ಏಳುತ್ತದೆ, ಎರಡು ಹೊಲಗಳ ನಡುವಿನ ಬದುವಿನ ಹಾಗೆ. ಆ ಕಡೆಯ ನೀರು ಈ ಕಡೆಯ ನೀರಿಗೆ ಎದುರಾದಾಗ ಮುಂದೆ ಹೋಗಲು ದಾರಿಯಿಲ್ಲ, ಕೆಳಗೆ ಟೈಲ್ಸ್ ಇದೆ. ಉಳಿದಿರುವುದು ಮೇಲೆ, ಇಲ್ಲವೇ ಪಕ್ಕಕ್ಕೆ. ಒಂದು ಧಾರೆಯ ಬುಡದಲ್ಲಿ, ಬದುವಿನ ಕಡೆಗೆ, ಡ್ರಾಪರ್‌ನಿಂದ ಒಂದು ಹನಿ ಶಾಯಿ ಬಿಡಿ. ನೀಲಿ ಗೆರೆ ಬದುವಿನವರೆಗೆ ಓಡಿ, ಅಲ್ಲಿ ತಿರುಗಿ, ಬದುವಿನ ಉದ್ದಕ್ಕೂ ಹರಿದು ತುದಿಯಿಂದ ಹೊರಗೆ ಹೋಗುತ್ತದೆ.

ಕೈ ಅಲ್ಲಾಡಿಸದೆ ಕಾಯಿರಿ. ಡಬ್ಬಿಯಲ್ಲಿ ನೀರು ಇಳಿದಂತೆ ಧಾರೆಯ ಜೋರು ತಗ್ಗಿ ವೃತ್ತಗಳು ಕುಗ್ಗುತ್ತವೆ. ಬಹುತೇಕ ಖಾಲಿಯಾಗುವ ಹೊತ್ತಿಗೆ ಬದು ಕರಗಿ, ವೃತ್ತಗಳು ಬೇರೆಬೇರೆ ನಿಲ್ಲುತ್ತವೆ.

ಈಗ ಒಂದು ತೂತನ್ನು ಸ್ವಲ್ಪ ದೊಡ್ಡದು ಮಾಡಿ. ಬದು ದುರ್ಬಲ ಧಾರೆಯ ಕಡೆಗೆ ಸರಿದು, ಬಾಗಿ, ಅದನ್ನು ಅಪ್ಪಿಕೊಂಡಂತೆ ನಿಲ್ಲುತ್ತದೆ. ಬಲವಿದ್ದ ಪಕ್ಕದವನು ಬದು ಒತ್ತುವುದು ನೀರಿನಲ್ಲೂ ಇದೆ ನೋಡಿ! ಮೂರು ಸಮ ತೂತುಗಳನ್ನು ತ್ರಿಕೋನವಾಗಿ ಮಾಡಿದರೆ ಮೂರು ಕವಲಿನ ಬದು, ಚೌಕವಾಗಿ ನಾಲ್ಕು ಮಾಡಿದರೆ ಅಧಿಕ ಚಿಹ್ನೆ.

ಗಾಳಿಯ ಧಾರೆಗಳೂ ಹೀಗೇ. ನೇರವಾಗಿ ಮೇಲೇರುವ ಹ್ಯಾರಿಯರ್ ವಿಮಾನಕ್ಕೆ ನಾಲ್ಕು ನಳಿಗೆಗಳು. ನಮ್ಮ ನೌಕಾಪಡೆಯಲ್ಲೂ 2016ರವರೆಗೆ ಸೀ ಹ್ಯಾರಿಯರ್‌ಗಳಿದ್ದವು. ಅವುಗಳ ಬಿಸಿ ಗಾಳಿ ನೆಲಕ್ಕೆ ಬಡಿದು, ನಡುವೆ ಸೇರಿ, ಕಾರಂಜಿಯಂತೆ ವಿಮಾನದ ಹೊಟ್ಟೆಗೆ ಹೊಡೆಯುತ್ತದೆ. ಅದು ವಿಮಾನವನ್ನು ಎತ್ತಲು ನೆರವಾಗುತ್ತದೆ, ನಿಜ. ಆದರೆ ಆ ಬಿಸಿ ಗಾಳಿ ಎಂಜಿನ್ನಿನ ಬಾಯಿಗೆ ಹೋದರೆ ಶಕ್ತಿ ಕುಗ್ಗುತ್ತದೆ. ಮುಂದಿನ ಮಾದರಿಗಳಲ್ಲಿ ಹೊಟ್ಟೆಯ ಕೆಳಗೆ ಪಟ್ಟಿಗಳನ್ನು ಕೂರಿಸಿ ಕಾರಂಜಿಯನ್ನು ಹಿಡಿದಿಟ್ಟರು.

ಕೊನೆಯದಾಗಿ, ಸಾಲಿಗೆ ಮೂರರಂತೆ ಒಂಬತ್ತು ತೂತು ಮಾಡಿ. ನಡುವಿನ ಧಾರೆಯ ನೀರು ಹೊರಗೆ ಹೋಗಬೇಕಾದರೆ ಪಕ್ಕದವುಗಳ ನಡುವೆ ನುಸುಳಿಯೇ ಹೋಗಬೇಕು. ಜೆಟ್ ಎಂಜಿನ್ನಿನ ಬ್ಲೇಡುಗಳನ್ನು ಒಳಗಿನಿಂದ ತಂಪಾಗಿಸುವ ಗಾಳಿಧಾರೆಗಳಿಗೂ ಇದೇ ತಲೆನೋವು. ಹೊರಹೋಗುವ ಗಾಳಿ ಅಂಚಿನ ಧಾರೆಗಳನ್ನು ಬಾಗಿಸಿ, ಅವು ಲೋಹಕ್ಕೆ ಸರಿಯಾಗಿ ಬಡಿಯದಂತೆ ಮಾಡುತ್ತದೆ. ಅದಕ್ಕೇ ಕೆಲವು ವಿನ್ಯಾಸಗಳಲ್ಲಿ ಧಾರೆಗಳ ಮಧ್ಯೆಯೇ ಗಾಳಿ ಹೊರಹೋಗಲು ಬೇರೆ ತೂತು ಕೊರೆದಿರುತ್ತಾರೆ.